ಕಿವಿಯಿಂದ ನೋಡುವ ಊರು

ದೊಡ್ಡಬಳ್ಳಾಪುರಕ್ಕೆ ಊರು ನೋಡಲೆಂದು ಯಾರೂ ಬರುವುದಿಲ್ಲ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತವರು ದಾಟಿಕೊಂಡು ಹೋಗುತ್ತಾರೆ. ಮಾಕಳಿದುರ್ಗ ಹತ್ತುವ ಹುಡುಗರು ಮಬ್ಬುಗತ್ತಲಲ್ಲೇ ಬೈಕಿನಲ್ಲಿ ದಾಟಿಕೊಂಡು ಹೋಗುತ್ತಾರೆ. ಸೀರೆ ಬೇಕಾದವರು ಅಂಗಡಿಯ ತನಕ ಬಂದು, ಕಡಿಮೆಗೆ ಸಿಕ್ಕಿತೆಂದು ಬೀಗುತ್ತಾ ಹಿಂದಿರುಗುತ್ತಾರೆ. ಈ ಮೂರು ಬಗೆಯವರ ಮೇಲೂ ನನಗೆ ಮೊದಲಿನಿಂದ ಸಿಟ್ಟು. ಹಾಗಾಗಿ ನಮ್ಮ ಮನೆಗೆ ನೆಂಟರು ಬಂದರೆ ಅವರ ಕಾಫಿ ಮುಗಿಯುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ನಿಂತಿರುತ್ತೇನೆ. “ಇವಳು ಊರು ತೋರಿಸ್ದೆ ಬಿಡಲ್ಲ, ಎದ್ದೇಳಿ” ಎಂದು ಅಮ್ಮ ನಗುತ್ತಾಳೆ. ಮದುವೆಯಾಗಿ ನಾನು ಹೋದದ್ದು ತವರಿನಿಂದ ಎರಡು ಬೀದಿ ಆಚೆಗೆ. ಊರಿನ ಮೇಲೆ ಇಷ್ಟು ಅಭಿಮಾನ ಬೆಳೆಯಲು ಅದೂ ಒಂದು ಕಾರಣ ಇರಬೇಕು.

ಊರು ತೋರಿಸಲು ನನ್ನದೇ ಒಂದು ಕ್ರಮವಿದೆ. ಬಿಸಿಲೇರುವ ಮೊದಲು ಹೊರಡಬೇಕು. ಗಾಡಿ ಬೇಡ, ನಡೆಯಬೇಕು. ಮೊದಲು ನಾಗರಕೆರೆಯ ಏರಿ. ಅಲ್ಲಿ ನಿಂತು ಊರಿನ ಹೆಸರಿನ ಕಥೆ ಹೇಳುತ್ತೇನೆ: ಹಸುವೊಂದು ದಿನಾ ಹುತ್ತದ ಮೇಲೆ ಒಂದು ಬಳ್ಳ ಹಾಲು ಸುರಿಸುತ್ತಿತ್ತಂತೆ, ಅದಕ್ಕೇ ಬಳ್ಳಾಪುರ. ಬಳ್ಳ ಎಂದರೇನು ಎಂದು ಕೇಳುವ ಮಕ್ಕಳಿಗೆ ಮನೆಗೆ ಬಂದ ಮೇಲೆ ಕಾಳು ಅಳೆಯುವ ಅಮ್ಮನ ಹಿತ್ತಾಳೆಯ ಬಳ್ಳವನ್ನು ತೋರಿಸುವುದುಂಟು. ಕೆರೆಯಿಂದ ಅರಳುಮಲ್ಲಿಗೆ ಬಾಗಿಲು. ಕೋಟೆಯಿದ್ದ ಕಾಲದ ಹೆಸರು ಅದು. ಈಗ ಅಲ್ಲಿ ಬಾಗಿಲೂ ಇಲ್ಲ, ಬಾಗಿಲು ಹಾಕುವವರೂ ಇಲ್ಲ, ತರಕಾರಿ ಗಾಡಿಗಳಿವೆ. ಆಮೇಲೆ ನೂಲಿಗೆ ಬಣ್ಣ ಹಾಕುವ ಮನೆಗಳ ಬೀದಿ. ಬಿದಿರ ಗಳುಗಳಿಗೆ ಒದ್ದೆ ರೇಷ್ಮೆಯ ಲಡಿಗಳನ್ನು ನೇತುಹಾಕಿರುತ್ತಾರೆ. ಅರಿಶಿನ, ರಾಣಿ ಗುಲಾಬಿ, ಗಿಳಿಹಸಿರು. ಈ ಸಲದ ಹಬ್ಬಕ್ಕೆ ಯಾವ ಬಣ್ಣದ ಸೀರೆ ಓಡುತ್ತದೆ ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ, ಅಲ್ಲಿನ ಚರಂಡಿ ನೋಡಿದರೆ ಸಾಕು.

ಕೊನೆಗೆ ಮಗ್ಗದ ಬೀದಿಗಳು. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ಒತ್ತಿಕೊಂಡು ನಿಂತ ಮನೆಗಳು, ಕಿಟಕಿಗಳಲ್ಲಿ ಟ್ಯೂಬ್‌ಲೈಟಿನ ಬೆಳಕು. ಅಲ್ಲಿ ನಾನು ನೆಂಟರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳುತ್ತೇನೆ. ಮುಚ್ಚಿದರೆ ಊರು ಕಾಣತೊಡಗುತ್ತದೆ. ಹಳೆಯ ಮಗ್ಗಗಳ ಟಕಾ ಟಕಾ, ಹೊಸವುಗಳ ಅವಸರ, ಎಲ್ಲೋ ಒಂದು ಕುಂಟುವ ಮಗ್ಗ. ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿ ನೂಲು ಹೊಯ್ದು ಮರಳುವ ಸದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ ಬೆರೆತು, ಬೀದಿ ಪೂರ್ತಿ ಒಂದೇ ಉಸಿರಾಡುತ್ತಿದೆ ಅನ್ನಿಸುತ್ತದೆ. ಕಣ್ಣು ಮುಚ್ಚಿಕೊಂಡೇ ಯಾರ ಮನೆಯ ಮುಂದಿದ್ದೇನೆಂದು ನಾನು ಹೇಳಬಲ್ಲೆ. ಇದು ಕಿವಿಯಿಂದ ನೋಡುವ ಊರು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದವಳು ನಾನೇ.

ಆ ಸದ್ದಿನಲ್ಲೇ ನಾವು ಹುಟ್ಟಿ ಬೆಳೆದದ್ದು. ಬೇರೆ ಊರಿನ ಮಕ್ಕಳು ಸದ್ದಾದರೆ ಏಳುತ್ತವೆ, ನಮ್ಮ ಬೀದಿಯ ಮಕ್ಕಳು ಸದ್ದು ನಿಂತರೆ ಏಳುತ್ತಿದ್ದವು. ಮಧ್ಯಾಹ್ನ ಮಲಗಿದ್ದಾಗ ಕರೆಂಟ್ ಹೋಯಿತೆಂದರೆ ಅಷ್ಟೂ ಮನೆಯ ಮಕ್ಕಳು ಎದ್ದು ಕೂತು ಪಿಳಿಪಿಳಿ ನೋಡುತ್ತಿದ್ದೆವು. ಆ ಮೌನ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಅದರಲ್ಲಿ ಯಾರೂ ಮಾತಾಡುವುದಿಲ್ಲ, ಬಿಸಿಲು ಮಾತ್ರ ನೆಲದ ಮೇಲೆ ನಿಧಾನವಾಗಿ ಸರಿಯುತ್ತಿರುತ್ತದೆ. ಆಮೇಲೆ ಕರೆಂಟ್ ಬರುತ್ತದೆ, ನಾವೆಲ್ಲ ಮತ್ತೆ ಮಲಗುತ್ತೇವೆ.

ಇನ್ನೊಂದು ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಲ್ಕು ಮಗ್ಗ ಓಡುವ ಕೋಣೆಯಲ್ಲಿ ಕಿರುಚಿದರೂ ಕೇಳಿಸದು. ಹಾಗಾಗಿ ಅಲ್ಲಿ ಯಾರೂ ದನಿ ತೆಗೆಯುವುದಿಲ್ಲ. ತುಟಿಗಳನ್ನು ಅಗಲವಾಗಿ, ಒಂದೊಂದು ಅಕ್ಷರವೂ ಕಾಣುವಂತೆ ಆಡಿಸುತ್ತಾರೆ, ಜೊತೆಗೆ ಹುಬ್ಬು, ಒಂದಿಷ್ಟು ಕೈ. ಅದಕ್ಕೆ ನಮ್ಮ ಮನೆಯಲ್ಲಿ ಮಗ್ಗದ ಮಾತು ಎಂದು ಹೆಸರು. ಮಗ್ಗದ ಮನೆಯ ಹೆಂಗಸರು ಅದರಲ್ಲಿ ಜಗಳವಾಡುತ್ತಾರೆ, ಹರಟುತ್ತಾರೆ, ಅತ್ತೆಯನ್ನು ಆಡಿಕೊಳ್ಳುತ್ತಾರೆ. ನೆಂಟರ ಎದುರು ಗುಟ್ಟು ಹೇಳಿಕೊಳ್ಳಲಿಕ್ಕೂ ಅದೇ. ಬಂದವರು ಕಾಫಿ ಕುಡಿಯುತ್ತಿದ್ದರೆ, ಅಮ್ಮ ಅವರ ಹೆಗಲಾಚೆಯಿಂದ ನನಗೆ ಬರೀ ತುಟಿಯಲ್ಲಿ “ಹಾಲು ಮುಗೀತು, ಪಕ್ಕದ ಮನೆಗೆ ಓಡು” ಎನ್ನುತ್ತಿದ್ದಳು. ನಾನು ಓಡುತ್ತಿದ್ದೆ. ಯಾವ ನೆಂಟರಿಗೂ ಅದು ತಿಳಿದದ್ದಿಲ್ಲ.

ಹೋದ ವರ್ಷ ನನ್ನ ತಮ್ಮ ಒಬ್ಬಳು ಹುಡುಗಿಯನ್ನು ಮೆಚ್ಚಿಕೊಂಡ. ಅವನು ಸೋಂಪುರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಹುಡುಗಿ ಅಲ್ಲೇ ಪ್ಯಾಕಿಂಗ್ ವಿಭಾಗದಲ್ಲಿದ್ದಳು, ನಮ್ಮ ತಾಲ್ಲೂಕಿನದೇ ಮಧುರೆಯ ಕಡೆಯ ರೈತರ ಮನೆಯವಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸದು. ತಮ್ಮ ಇದನ್ನು ಅಮ್ಮನಿಗೆ ಹೇಳಿದ ದಿನ ಅಮ್ಮ ಊಟ ಬಿಡಲಿಲ್ಲ, ಅಳಲಿಲ್ಲ. ಮಗ್ಗದ ಕೋಣೆಗೆ ಹೋದವಳು ಸಂಜೆಯವರೆಗೆ ಹೊರಗೇ ಬರಲಿಲ್ಲ. ಆಮೇಲೆ ನನ್ನನ್ನು ಕರೆಸಿದಳು.

“ನಂಗೇನು ಹುಡ್ಗಿ ಮೇಲೆ ಕೋಪ ಇಲ್ಲ ಕಣೇ. ಆದ್ರೆ ಇದು ಮಗ್ಗದ ಮನೆ. ಎಳೆ ಕಡಿದ್ರೆ ಸದ್ದಲ್ಲೇ ಗೊತ್ತಾಗ್ಬೇಕು. ನಾಳೆ ಒಂದು ಮಗು ಆಗುತ್ತೆ, ಅತ್ರೆ ಕೇಳ್ಸುತ್ತಾ ಅವಳ್ಗೆ? ನಾನೆಷ್ಟು ದಿನ ಇರ್ತೀನಿ ಕೇಳಿ ಹೇಳೋಕೆ?”

ತಮ್ಮ ಬಿಡಲಿಲ್ಲ. ಒಂದು ಸಲ ನೋಡು, ಆಮೇಲೆ ನೀನು ಬೇಡ ಅಂದರೆ ಆ ಮಾತೇ ಎತ್ತಲ್ಲ ಎಂದ. ಮಾತಿಗೆ ತಪ್ಪುವವನಲ್ಲ ಅವನು, ಅದೇ ನನಗೆ ಹೆದರಿಕೆ. ಅಮ್ಮ ಒಪ್ಪಿದಳು, ಆದರೆ ಷರತ್ತು ಹಾಕಿ. ಹೆಣ್ಣು ನೋಡುವುದು ಎಂಬ ಹೆಸರು ಬೇಡ, ಬೀದಿಯವರ ಬಾಯಿಗೆ ಬೀಳುವುದು ಬೇಡ, ಹುಡುಗಿ ಸುಮ್ಮನೆ ಊರು ನೋಡಲು ಬಂದಂತೆ ಬರಲಿ. ತಮ್ಮ ಜೊತೆಗಿರಬಾರದು. “ನೀನಿದ್ರೆ ಅವಳ ಬಾಯಿ, ಕಿವಿ ಎರಡೂ ನೀನೇ ಆಗ್ತೀಯ. ಸಂಜೆಗೆ ನನ್ನ ಮಾತು ಹೇಳ್ತೀನಿ” ಎಂದಳು.

ಹೀಗೆ ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ದೊಡ್ಡಬಳ್ಳಾಪುರಕ್ಕೆ ಬರೀ ಊರು ನೋಡಲೆಂದು ಬಂದರು. ಅದೂ ಕಿವಿ ಕೇಳಿಸದವಳು.

ತಮ್ಮ ಅವಳನ್ನು ಹಳೇ ಬಸ್ ನಿಲ್ದಾಣದ ಹತ್ತಿರ ಬೈಕಿನಿಂದ ಇಳಿಸಿ, ನನ್ನ ಮುಖ ಒಂದು ಸಲ ನೋಡಿ, ಹೊರಟುಹೋದ. ತೆಳ್ಳಗಿನ ಹುಡುಗಿ, ನೀಲಿ ಚೂಡಿದಾರ, ಎಣ್ಣೆ ಹಾಕಿ ಬಿಗಿದ ಜಡೆ. “ನಮಸ್ಕಾರ ಅಕ್ಕ. ನಾನು ಊರನ್ನು ನೋಡಲು ಬಂದಿದ್ದೇನೆ” ಎಂದಳು. ದನಿ ಮೂಗಿನಲ್ಲಿ ಸ್ವಲ್ಪ ಸುತ್ತಿಕೊಂಡು ಬರುತ್ತಿತ್ತು, ಮಾತು ಮಾತ್ರ ಪುಸ್ತಕದಲ್ಲಿದ್ದ ಹಾಗೆ ಪೂರ್ತಿ ಪೂರ್ತಿ. ಮಾತು ಕಲಿತದ್ದು ಕಿವುಡ ಮಕ್ಕಳ ಶಾಲೆಯಲ್ಲಂತೆ, ಮನೆಯಲ್ಲಿ ಬರೀ ಕೈಸನ್ನೆ. ನಮ್ಮ ಬೀದಿಯಲ್ಲಿ ಯಾರೂ ಅಷ್ಟು ಶುದ್ಧವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮೊದಲು ಮನೆಗೆ ಕರೆದೊಯ್ದೆ. ಅದೊಂದು ಅರ್ಧ ಗಂಟೆ ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ. ಅಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕಾದಿದ್ದಳು. ಕಿವಿ ಕೇಳಿಸದವರ ಹತ್ತಿರ ಎಲ್ಲರೂ ಮಾಡುವ ಹಾಗೆ ಕೂಗಿ ಕೂಗಿ ಮಾತಾಡಿದಳು. “ಕಾಫಿನಾ? ಟೀನಾ?” ಕೂಗುವಾಗ ಬಾಯಿ ಸೊಟ್ಟಗಾಗುತ್ತದೆ, ಹುಡುಗಿ ಒಂದೂ ತಿಳಿಯದೆ ನನ್ನ ಕಡೆ ನೋಡುತ್ತಿದ್ದಳು. ಅಮ್ಮ ಇನ್ನೂ ಜೋರಾಗಿ ಕೂಗಿದಳು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದ್ದೂ ಆಯಿತು. ಊರು ನೋಡಲು ಬಂದವಳ ಸುದ್ದಿ ಗುಟ್ಟಾಗಿ ಉಳಿಯುವುದಂತೂ ಅಲ್ಲಿಗೆ ಮುಗಿಯಿತು.

ಕಾಫಿ ಕುಡಿಯುವಾಗ ಅಮ್ಮ ಕಂಬಕ್ಕೆ ಒರಗಿ, ಹುಡುಗಿಯ ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, ಅಭ್ಯಾಸಬಲದಿಂದ ಮಗ್ಗದ ಮಾತಿಗಿಳಿದಳು. ದನಿಯಿಲ್ಲದೆ, ಅಗಲವಾಗಿ: “ಹುಡ್ಗಿ ಲಕ್ಷಣವಾಗಿದಾಳೆ. ಪಾಪ. ಆದ್ರೆ ನಮ್ಮನೆಗೆ ಆಗಲ್ಲ ಕಣೇ. ನೀನೇ ಮೆಲ್ಲಗೆ ಹೇಳ್ಬಿಡು ಅವನಿಗೆ.”

ತಮ್ಮನ ಮುಖ ಕಣ್ಣ ಮುಂದೆ ಬಂತು. ಹುಡುಗಿ ಲೋಟ ಕೆಳಗಿಟ್ಟಳು. “ಅಕ್ಕ, ಊರನ್ನು ತೋರಿಸುವಿರಾ?” ಎಂದಳು.

ಕೆರೆ ಏರಿಯ ಮೇಲೆ ಆ ದಿನ ಇನ್ನೂ ಮಂಜು ಇತ್ತು. ಆಚೆ ದಡ ಇರಲೇ ಇಲ್ಲ, ನೀರು ಹಾಗೇ ಆಕಾಶಕ್ಕೆ ಹತ್ತಿಹೋಗಿತ್ತು. ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಮಂಜಿನೊಳಗಿಂದ ಬರುತ್ತಿತ್ತು, ನೀರುಕೋಳಿಯೊಂದು ಕೂಗುತ್ತಿತ್ತು. ‘ಕೇಳಿಸ್ಕೊಳ್ಳಿ’ ಎಂದು ಪ್ರತಿ ಸಲ ನಾನು ಹೇಳುವ ಜಾಗ ಅದು. ಬಾಯಿ ತೆರೆದವಳು ಮುಚ್ಚಿಕೊಂಡೆ. ನನ್ನ ಊರಿನಲ್ಲಿ ಸದ್ದು ತೆಗೆದರೆ ಏನು ಉಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಬಳ್ಳದ ಕಥೆಯನ್ನು ಅವಳಿಗೆ ಎದುರಾಗಿ ನಿಂತು, ಬೊಗಸೆ ಮಾಡಿ ತೋರಿಸಿ, ಅರ್ಧಂಬರ್ಧ ಹೇಳಿದೆ. ಅವಳಿಗೆ ಹಸುವಿನ ತನಕ ಸಿಕ್ಕಿತು, ಹುತ್ತ ಸಿಗಲಿಲ್ಲ. ಹಸು ಹಾಲನ್ನು ಬೆಟ್ಟಕ್ಕೆ ಏಕೆ ಕೊಟ್ಟಿತು ಎಂದು ಕೇಳಿದಳು. ನಕ್ಕೆ. ಹುತ್ತಕ್ಕಾದರೂ ಏಕೆ ಕೊಟ್ಟಿತೋ, ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಆಗ ಅವಳು ನೀರಿನ ಕಡೆ ನೋಡುತ್ತಲೇ ಹೇಳಿದಳು. “ಅಮ್ಮ ಆಗುವುದಿಲ್ಲ ಎಂದರು.”

ನಾನು ತಬ್ಬಿಬ್ಬಾದೆ. ಅವಳ ಎದುರಿಗೆ ಬಂದು ಯಾವಾಗ ಎಂದೆ.

“ಕಾಫಿ ಕುಡಿಯುವಾಗ. ಹುಡುಗಿ ಲಕ್ಷಣವಾಗಿದ್ದಾಳೆ, ಪಾಪ, ನಮ್ಮ ಮನೆಗೆ ಆಗುವುದಿಲ್ಲ. ಎಲ್ಲರ ತುಟಿ ನನಗೆ ಅರ್ಧ ಸಿಗುತ್ತದೆ ಅಕ್ಕ. ನಿಮ್ಮ ತಮ್ಮನದು ಮುಕ್ಕಾಲು. ಅಮ್ಮ ಕೂಗಿದಾಗ ಏನೂ ಸಿಗಲಿಲ್ಲ. ಆಮೇಲೆ ಮೆಲ್ಲಗೆ ನಿಮಗೆ ಹೇಳಿದರಲ್ಲ, ಅದು ಪೂರ್ತಿ ಸಿಕ್ಕಿತು. ಇಷ್ಟು ಚೆನ್ನಾಗಿ ಮಾತಾಡುವವರನ್ನು ನಾನು ನೋಡಿಯೇ ಇಲ್ಲ.”

ನಾಚಿಕೆಯಿಂದ ನನಗೆ ಕೆರೆಗೆ ಬೀಳುವ ಹಾಗಾಯಿತು. ತಲೆತಲಾಂತರದಿಂದ ನೆಂಟರ ಕಣ್ಣಿಗೆ ಮಣ್ಣೆರಚಿದ ನಮ್ಮ ಗುಟ್ಟಿನ ಮಾತನ್ನು, ಲೋಕದಲ್ಲಿ ಅದನ್ನು ಓದಬಲ್ಲ ಒಬ್ಬಳೇ ಒಬ್ಬಳ ಎದುರು ಆಡಿದ್ದೆವು. ಕ್ಷಮಿಸು ಎಂದು ಹೇಳಲು ಹೋದೆ. ಅವಳು ಕೈಯಾಡಿಸಿದಳು. “ಪರವಾಗಿಲ್ಲ. ಊರನ್ನು ನೋಡಲು ಬಂದೆ ಎಂದು ಹೇಳಿದ್ದೇನೆ. ಊರನ್ನು ನೋಡಿಯೇ ಹೋಗುತ್ತೇನೆ” ಎಂದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಹಟವಿತ್ತು. ನನಗೆ ಅವಳು ಆಗ ಇಷ್ಟವಾದಳು. ಇಂಥವಳು ನಮ್ಮ ಮನೆಗೆ ಬೇಕು ಎಂದು ಮೊದಲು ಅನ್ನಿಸಿದ್ದು ಆ ಏರಿಯ ಮೇಲೆ.

ಆಮೇಲಿನ ಊರು ನನಗೆ ಅರೆನಿದ್ದೆಯಲ್ಲಿ ನಡೆದ ಹಾಗೆ ನೆನಪಿದೆ. ಅವಳು ಮುಂದೆ, ನಾನು ಹಿಂದೆ. ಬಾಗಿಲಿಲ್ಲದ ಬಾಗಿಲಲ್ಲಿ ಕೊತ್ತಂಬರಿ ಕಟ್ಟಿನ ಹತ್ತಿರ ನಿಂತು ಮೂಸಿದಳು. ಬಣ್ಣದ ಬೀದಿಯಲ್ಲಿ ಆ ವಾರ ಚರಂಡಿ ನೇರಳೆಯಾಗಿತ್ತು. ನೇತುಹಾಕಿದ ಲಡಿಗಳ ನಡುವೆ ಅವಳು ನುಗ್ಗಿಹೋದಳು, ಬಿಸಿಲು ರೇಷ್ಮೆಯೊಳಗಿಂದ ಸೋಸಿ ಅವಳ ಮುಖ ಒಮ್ಮೆ ಹಳದಿ, ಒಮ್ಮೆ ನೇರಳೆ ಆಯಿತು. ಎಷ್ಟು ಹೊತ್ತು ಅಲ್ಲಿದ್ದೆವೋ ಗೊತ್ತಿಲ್ಲ. ನಾನು ಆ ಬೀದಿಯಲ್ಲಿ ಯಾವಾಗಲೂ ಮಾತಾಡುತ್ತಲೇ ಇರುತ್ತಿದ್ದೆ. ಬಾಯಿ ಮುಚ್ಚಿಕೊಂಡು ಅದನ್ನು ನೋಡಿದ್ದು ಅದೇ ಮೊದಲು.

ಬೀದಿಯ ಕೊನೆಯ ಟೀ ಅಂಗಡಿಯ ಮುದುಕರು ನನಗೆ ಚಿಕ್ಕಂದಿನಿಂದ ಪರಿಚಯ. ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ಕನ್ನಡ. “ಏನಮ್ಮಾ, ಮೆಹ್ಮಾನಾ? ಬನ್ ತಗೊಳ್ಳಿ, ಬಿಸಿ ಇದೆ” ಎಂದರು. ತಿಂದು ಹೊರಡುವಾಗ ಹುಡುಗಿ ಕೈಮುಗಿದು, ಶಾಲೆಯಲ್ಲಿ ಕಲಿಸಿದ ಹಾಗೆ ಸ್ಪಷ್ಟವಾಗಿ, “ಹೋಗುತ್ತೇನೆ” ಎಂದಳು. ಟೀ ಸೋಸುತ್ತಿದ್ದ ಮುದುಕರ ಕೈ ಅಲ್ಲೇ ನಿಂತಿತು.

“ಅಯ್ಯೋ, ಹಂಗನ್ಬಾರ್ದಮ್ಮಾ” ಎಂದು ನನ್ನ ಕಡೆ ತಿರುಗಿದರು. “ನಮ್ಮಲ್ಲೂ ಅಷ್ಟೇ. ಜಾತೂಂ, ಹೋಗ್ತೀನಿ ಅನ್ನಲ್ಲ, ಆತೂಂ, ಬರ್ತೀನಿ ಅಂತೀವಿ. ಹೇಳ್ಕೊಡಿ ಮಗೂಗೆ.”

ಅವಳು ಅಷ್ಟರಲ್ಲಿ ಬೆನ್ನು ತಿರುಗಿಸಿ ಬೀದಿ ನೋಡುತ್ತಿದ್ದಳು, ಅವರ ಮಾತು ಅವಳಿಗೆ ಸಿಗಲಿಲ್ಲ. ನನಗೆ ಹೊಸ ಭಯ ಹತ್ತಿತು. ಹೊರಡುವಾಗ ‘ಬರ್ತೀನಿ’ ಎನ್ನದೆ ‘ಹೋಗ್ತೀನಿ’ ಎಂದವರನ್ನು ಅಮ್ಮ ಮತ್ತೆ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ ಕಳಿಸುತ್ತಾಳೆ. ಅಪ್ಪ ಆಸ್ಪತ್ರೆಗೆ ಹೊರಟ ದಿನ ನೋವಿನಲ್ಲಿ ಆ ಮಾತು ಆಡಿದ್ದರು, ಆಟೋದಿಂದ ಅವರನ್ನು ಇಳಿಸಿ ಕೂರಿಸಲು ಹೊತ್ತಿರಲಿಲ್ಲ. ಅಪ್ಪ ಬರಲಿಲ್ಲ. ಅಂದಿನಿಂದ ಆ ಮಾತು ಕೇಳಿದರೆ ಅಮ್ಮನ ಮುಖದ ಬಣ್ಣವೇ ಹೋಗುತ್ತದೆ. ಹುಡುಗಿಗೆ ಹೇಳಿಬಿಡೋಣ ಎಂದುಕೊಂಡೆ. ಹೋಗುತ್ತಿರುವಾಗ ಬರುತ್ತೇನೆ ಎಂದು ಏಕೆ ಹೇಳಬೇಕು ಎಂದು ಅವಳು ಕೇಳಿದರೆ? ಅದೂ ಬರಬೇಡ ಎಂದ ಮನೆಯಲ್ಲಿ? ಹೇಳದೆಯೇ ಮುಂದೆ ನಡೆದೆ.

ಮಗ್ಗದ ಬೀದಿಗೆ ಬಂದಾಗ ನಡು ಮಧ್ಯಾಹ್ನ. ಇಲ್ಲಿ ತೋರಿಸಲು ಏನೂ ಇಲ್ಲ ಎಂದು ಹೇಳಲಿದ್ದೆ. ಅವಳು ಒಂದು ಮನೆಯ ಗೋಡೆಗೆ ಅಂಗೈ ಇಟ್ಟಳು. ಮುಖ ಅರಳಿತು. ಕೈಯನ್ನು ಗೋಡೆಯ ಮೇಲೆ ಸವರುತ್ತಲೇ ಮುಂದಿನ ಮನೆಗೆ, ಅದರ ಮುಂದಿನ ಮನೆಗೆ ನಡೆದಳು. ಒಂದು ಕಡೆ ನಿಂತು, ಇಲ್ಲಿ ಒಂದು ಕುಂಟುತ್ತಿದೆ ಎಂದಳು. ನಾನೂ ಅವಳ ಪಕ್ಕದಲ್ಲಿ ಅಂಗೈ ಇಟ್ಟೆ. ಸುಣ್ಣದ ಗೋಡೆ ಬೆಚ್ಚಗಿತ್ತು, ಒಳಗಿನಿಂದ ಮಗ್ಗಗಳು ಕೈಗೆ ಬಡಿಯುತ್ತಿದ್ದವು. ಇಷ್ಟು ವರ್ಷ ಈ ಗೋಡೆಗಳನ್ನು ನಾನು ಮುಟ್ಟಿಯೇ ಇರಲಿಲ್ಲ.

ಮನೆಗೆ ಬಂದರೆ ಅಮ್ಮ ಮಗ್ಗದ ಕೋಣೆಯಲ್ಲಿದ್ದಳು. ಕೆಲಸದವರು ಊಟಕ್ಕೆ ಹೋಗಿದ್ದರು, ನಾಲ್ಕೂ ಮಗ್ಗ ಓಡುತ್ತಿದ್ದವು. ನಾವು ಒಳಗೆ ಕಾಲಿಟ್ಟೆವು. ಅಮ್ಮ ಆಚೆ ತುದಿಯಿಂದ ನನ್ನನ್ನು ನೋಡಿ, ತುಟಿಯಲ್ಲೇ, “ಸಾರಿಗೆ ಉಪ್ಪು ಮರ್ತಿದೀನಿ. ಅವಳಿಗೆ ಬಡಿಸೋಕೆ ಮುಂಚೆ ಹಾಕ್ಬಿಡು” ಎಂದಳು.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅಮ್ಮ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಮಗ್ಗದ ಮಾತಿನಲ್ಲೇ ಹೇಳಿಬಿಟ್ಟೆ: “ಇವಳಿಗೆ ಎಲ್ಲಾ ತಿಳಿಯುತ್ತೆ ಅಮ್ಮ. ಬೆಳಿಗ್ಗೆ ನೀನಂದಿದ್ದೂ ತಿಳಿದಿದೆ.”

ಅಮ್ಮ ಓಡುತ್ತಿದ್ದ ಮಗ್ಗದ ಚೌಕಟ್ಟನ್ನು ಹಿಡಿದುಕೊಂಡಳು. ಅಷ್ಟು ಚಿಕ್ಕದಾದ ಅಮ್ಮನನ್ನು ನಾನು ನೋಡಿರಲಿಲ್ಲ. ಹುಡುಗಿಯ ಕಡೆ ತಿರುಗಿ ದನಿಯಿಲ್ಲದೆ ಕೇಳಿದಳು. “ನೊಂದ್ಕೊಂಡ್ಯಾ?”

ಹುಡುಗಿಯೂ ದನಿ ತೆಗೆಯಲಿಲ್ಲ. ತುಟಿ ಮಾತ್ರ. “ಹೌದು.”

ಅಮ್ಮ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಮಾತು ಕಾಣುವುದಿಲ್ಲವಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, ತಿಂಗಳುಗಳಿಂದ ಎದೆಯಲ್ಲಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟಳು. “ಮಗು ಅತ್ರೆ ನಿಂಗೆ ಹೆಂಗೆ ಗೊತ್ತಾಗುತ್ತೆ?”

ಹುಡುಗಿ ಕೋಣೆಯನ್ನು ಒಂದು ಸುತ್ತು ನೋಡಿದಳು. ತೊಲೆಯಲ್ಲಿ ಒಂದು ಹಳೆಯ ಕಬ್ಬಿಣದ ಕೊಂಡಿ ಇದೆ, ನನ್ನನ್ನೂ ತಮ್ಮನನ್ನೂ ಸೀರೆಯ ಜೋಲಿ ಕಟ್ಟಿ ತೂಗಿದ ಕೊಂಡಿ. ಅದನ್ನು ತೋರಿಸಿ ಕೇಳಿದಳು. “ಇಲ್ಲಿ ನಿಮಗೆ ಹೇಗೆ ಗೊತ್ತಾಗುತ್ತಿತ್ತು?”

ನಾಲ್ಕು ಮಗ್ಗಗಳು ಕೋಣೆಯನ್ನೇ ಅಲ್ಲಾಡಿಸುತ್ತಿದ್ದವು. ಅಮ್ಮ ಕೊಂಡಿಯನ್ನು ನೋಡುತ್ತಾ ನಿಂತಳು. ಅವಳ ಮುಖ ಮೆಲ್ಲಗೆ ಸಡಿಲವಾಗುತ್ತಾ ಹೋದದ್ದನ್ನು ನಾನು ಕಂಡೆ. ಆಮೇಲೆ ಹೇಳತೊಡಗಿದಳು, ನನಗಲ್ಲ, ಅವಳಿಗೆ: ಜೋಲಿಗೆ ಕೆಂಪು ದಾರದ ಕುಚ್ಚು ಕಟ್ಟಿದ್ದೆ. ಮಗು ಅತ್ತು ಕಾಲು ಒದ್ದರೆ ಕುಚ್ಚು ಕುಣಿಯುತ್ತಿತ್ತು. ಲಾಳಿಗೆ ನೂಲು ಸುತ್ತಿದ ಕಂಡಿಕೆ ಹಾಕುತ್ತಿದ್ದರೂ ಒಂದು ಕಣ್ಣು ಕುಚ್ಚಿನ ಮೇಲೇ. ಇವಳು ಜಾಸ್ತಿ ಅಳುತ್ತಿದ್ದಳು, ಅವನು ಕಡಿಮೆ. ಅವನ ಅಳು ನಾನು ಕಿವಿಯಲ್ಲಿ ಕೇಳಿದ್ದೇ ಅಪರೂಪ.

ಕರೆಂಟ್ ಹೋಯಿತು.

ಮಗ್ಗಗಳು ಒಂದರ ಹಿಂದೊಂದು ನಿಂತವು. ಬೀದಿ ಪೂರ್ತಿ ನಿಂತಿತು. ನನ್ನ ಕನಸಿನ ಅದೇ ಮೌನ, ನೆಲದ ಮೇಲೆ ಅದೇ ಬಿಸಿಲು. ಎಲ್ಲೋ ಒಂದು ಮಗು ಎದ್ದು ಕೂತಿರಬೇಕು. ಆ ಮೌನದಲ್ಲಿ ಅಮ್ಮ ಮಾತು ನಿಲ್ಲಿಸಲೇ ಇಲ್ಲ. ದನಿ ತೆಗೆಯಬಹುದು ಎಂಬುದೇ ಅವಳಿಗೆ ಮರೆತುಹೋಗಿತ್ತು. ತುಟಿ, ಹುಬ್ಬು, ಕೈ ಎಲ್ಲ ಆಡುತ್ತಿದ್ದವು, ಹುಡುಗಿ ನಡುನಡುವೆ ಏನೋ ಕೇಳುತ್ತಿದ್ದಳು, ಅಮ್ಮ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅಮ್ಮ ಯಾರ ಜೊತೆಗೂ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಾಣೆ. ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ. ನಾನು ಬಾಗಿಲಿಗೆ ಒರಗಿ ಅತ್ತೆ. ಆಮೇಲೆ ಸಾರಿಗೆ ಉಪ್ಪು ಹಾಕಲು ಹೋದೆ.

ಊಟವಾಗಿ, ಅಮ್ಮನ ಹಿತ್ತಾಳೆಯ ಬಳ್ಳವನ್ನು ನೋಡಿ, ಹುಡುಗಿ ಹೊರಟಾಗ ಬಿಸಿಲು ಇಳಿಮುಖವಾಗಿತ್ತು. ಅಮ್ಮ ಕುಂಕುಮ ಕೊಟ್ಟಳು. ಹುಡುಗಿ ಹೊಸಿಲು ದಾಟಿ, ತಿರುಗಿ, ಕೈ ಮುಗಿದು, ತನ್ನ ಮೂಗಿನ ದನಿಯಲ್ಲಿ ಸ್ಪಷ್ಟವಾಗಿ ಹೇಳಿದಳು. “ಹೋಗುತ್ತೇನೆ ಅಮ್ಮ.”

ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಎಂದುಕೊಂಡೆ. ತೆರೆದಾಗ ಅಮ್ಮ ಹೊಸಿಲಿನಾಚೆ ನಿಂತಿದ್ದಳು. ಹುಡುಗಿಯ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ಬೀದಿಯಲ್ಲಿ ಅಷ್ಟು ಜನ ನೋಡುತ್ತಿದ್ದರೂ, ದನಿಯಿಲ್ಲದ ದೊಡ್ಡ ತುಟಿಗಳಲ್ಲಿ ಕಲಿಸುತ್ತಿದ್ದಳು. ಹೋ ಅಲ್ಲ. ಅದಕ್ಕೆ ಬಾಯಿ ತೆರೆಯುತ್ತೆ. ತುಟಿ ಮುಚ್ಚು. ಬ. ಬರ್ತೀನಿ. ಈ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬೇಕು.

ಹುಡುಗಿ ಏಕೆ ಎಂದು ಕೇಳಲಿಲ್ಲ. ತುಟಿ ಮುಚ್ಚಿ ತೆರೆದಳು. “ಬರ್ತೀನಿ.”

ಅವಳನ್ನು ಬಸ್ಸು ಹತ್ತಿಸಿ ನಿಲ್ದಾಣದ ಗದ್ದಲದಲ್ಲಿ ನಿಂತಿದ್ದಾಗ ತಮ್ಮನ ಫೋನ್ ಬಂತು. ಏನೂ ಪೀಠಿಕೆಯಿಲ್ಲ. “ಏನಂದ್ಲಕ್ಕ ಅಮ್ಮ?”

“ಬರ್ತೀನಿ ಅನ್ನಿಸ್ಕೊಂಡ್ಲು ಕಣೋ” ಎಂದೆ.

“ಹಲೋ? ಅಕ್ಕಾ?”

“ಅಮ್ಮನೇ ಹೇಳ್ಕೊಟ್ಟು, ಅವಳ ಬಾಯಲ್ಲಿ ಬರ್ತೀನಿ ಅನ್ನಿಸಿದ್ಲು ಕಣೋ.”

“ಅಕ್ಕಾ, ಏನೂ ಕೇಳಿಸ್ತಿಲ್ಲ. ಯಾಕೆ ಸುಮ್ನಿದೀಯ? ಬೇಡ ಅಂದ್ಲಾ? ಹೇಳ್ಬಿಡಕ್ಕ, ಪರವಾಗಿಲ್ಲ” ಎಂದ. ಆಗ ನನಗೆ ಗೊತ್ತಾಯಿತು, ಅಷ್ಟನ್ನೂ ನಾನು ಹೇಳಿದ್ದು ಬರೀ ತುಟಿಯಲ್ಲಿ. ಬಸ್ಸುಗಳ ನಡುವೆ ನಿಂತು, ಇಡೀ ನಿಲ್ದಾಣ ತಿರುಗಿ ನೋಡುವಂತೆ ದನಿ ತೆಗೆದು ಮತ್ತೊಮ್ಮೆ ಹೇಳಿದೆ.